ಉಣಕಲ್ ಕೆರೆಯ ನೀರನ್ನು ಮತ್ತೆ ಬಳಕೆಗೆ ತರಲು ಸಾಧ್ಯವೇ?

ಪ್ರಶ್ನೆ: ಉಣಕಲ್ ನಿವಾಸಿ

ನಮ್ಮ ಮನೆ ಉಣಕಲ್ ಕೆರೆಯ ಸಮೀಪದಲ್ಲೇ ಇದೆ. ಒಂದು ಕಾಲಕ್ಕೆ ಹುಬ್ಬಳ್ಳಿಗೆ ಕುಡಿಯುವ ನೀರು ಕೊಟ್ಟ ಈ ಕೆರೆ ಸುಮಾರು 200 ಎಕರೆಯಷ್ಟು ವಿಸ್ತಾರವಾಗಿದೆ. ಇಷ್ಟು ನೀರು ಕಣ್ಣೆದುರಿಗೇ ಇದ್ದರೂ ನಳಕ್ಕೆ ನೀರು ಬಾರದ ದಿನಗಳಲ್ಲಿ ನಮ್ಮ ಬಡಾವಣೆಯವರು ಟ್ಯಾಂಕರಿಗಾಗಿ ಕಾಯಬೇಕಾಗಿದೆ. ಹೂಳೆತ್ತಿ, ನೀರಿನ ಮೇಲೆ ತೇಲುವ ಅಂತರಗಂಗೆ ಕಳೆಯನ್ನು ಪೂರ್ತಿಯಾಗಿ ತೆಗೆಸಿದರೆ ಇದೇ ನೀರನ್ನು ಶುದ್ಧೀಕರಿಸಿ ಕುಡಿಯಲು ಕೊಡಬಹುದಲ್ಲವೇ? ಅದಾಗದಿದ್ದರೆ ಉದ್ಯಾನಗಳಿಗೆ, ಕಟ್ಟಡ ಕೆಲಸಕ್ಕೆ ಬಳಸಲಾದರೂ ಬಾರದೇ? ಬಲ್ಲವರು ವಿವರವಾಗಿ ತಿಳಿಸಬೇಕೆಂದು ವಿನಂತಿ.

ಉತ್ತರ: ನಿವೃತ್ತ ಎಂಜಿನಿಯರ್, ವಿದ್ಯಾನಗರ

ಮೊದಲು ಕೆರೆಯ ಅಳವು ಎಷ್ಟೆಂದು ಲೆಕ್ಕ ಹಾಕೋಣ. ಒಂದು ಎಕರೆಯಲ್ಲಿ ಒಂದು ಅಡಿ ನೀರು ನಿಂತರೆ ಅದು ಸುಮಾರು 12.3 ಲಕ್ಷ ಲೀಟರ್ ಆಗುತ್ತದೆ. 200 ಎಕರೆಗೆ ಹೆಚ್ಚುಕಡಿಮೆ 24.6 ಕೋಟಿ ಲೀಟರ್. 2011ರ ಜನಗಣತಿಯ ವೇಳೆಗೇ ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಜನಸಂಖ್ಯೆ 9.4 ಲಕ್ಷ ದಾಟಿತ್ತು. ತಲೆಗೆ ದಿನಕ್ಕೆ 135 ಲೀಟರಿನಂತೆ ಹಿಡಿದರೆ ಕೆರೆಯ ಒಂದು ಅಡಿ ನೀರು ಅಷ್ಟು ಜನರಿಗೆ ಎರಡು ದಿನಕ್ಕೂ ಪೂರೈಸುವುದಿಲ್ಲ, ಅದರಲ್ಲಿ ಬಿಸಿಲಿಗೆ ಆರಿಹೋಗುವ ಪಾಲು ಬೇರೆ. ಊರು ಬೆಳೆದಂತೆ 1955ರಲ್ಲಿ ದುಮ್ಮವಾಡದ ಹತ್ತಿರ ಬೇಡ್ತಿ ಹಳ್ಳಕ್ಕೆ ನೀರಸಾಗರವನ್ನು ಕಟ್ಟಿದ್ದೂ, ಅದೂ ಸಾಲದೆ ಸವದತ್ತಿಯ ಕಡೆಯಿಂದ ಮಲಪ್ರಭೆಯ ನೀರನ್ನು ತಂದದ್ದೂ ಈ ಕಾರಣಕ್ಕಾಗಿಯೇ. ಆದ್ದರಿಂದ ಇಡೀ ನಗರಕ್ಕೆ ಕುಡಿಯುವ ನೀರನ್ನು ಈ ಕೆರೆಯಿಂದ ನಿರೀಕ್ಷಿಸುವುದು ಸರಿಯಲ್ಲ.

ನೀವು ಕೊನೆಯಲ್ಲಿ ಕೇಳಿದ ಬಳಕೆ ಮಾತ್ರ ಖಂಡಿತವಾಗಿ ಸಾಧ್ಯ, ಅದರ ಜೊತೆಗೆ ಸುತ್ತಲಿನ ಬೋರ್‌ವೆಲ್‌ಗಳಿಗೂ ಕೆರೆ ಆಧಾರವಾಗುತ್ತದೆ. ಆದರೆ ಅದಕ್ಕೆ ಬೇಕಾದ ಮುಖ್ಯ ಕೆಲಸ ಕೆರೆಯ ಅಂಗಳದಲ್ಲಿ ಇಲ್ಲ, ಮೇಲಿನ ಬಡಾವಣೆಗಳಲ್ಲಿದೆ. ಮಳೆನೀರು ಹರಿದು ಬರಬೇಕಾದ ಕಾಲುವೆಗಳಿಗೆ ಮನೆಗಳ ಕೊಳಚೆ ಸೇರುವವರೆಗೆ ಏರಿಯ ಮೇಲೆ ಎಷ್ಟು ಹಣ ಸುರಿದರೂ ನೀರು ತಿಳಿಯಾಗುವುದಿಲ್ಲ. ನಡೆದಾಡುವ ಹಾದಿ, ದೀಪ, ನೀರಿನ ನಡುವಿನ ವಿವೇಕಾನಂದರ ಪ್ರತಿಮೆ, ಇವೆಲ್ಲ ಜನರನ್ನು ಕೆರೆಯ ಬಳಿಗೆ ಕರೆತಂದಿವೆ, ಅದು ಒಳ್ಳೆಯದೇ. ಹೀಗೆ ಬರುವ ಜನರೇ ಕಾಲುವೆಗಳ ಬಗ್ಗೆಯೂ ಕೇಳತೊಡಗಬೇಕು.

ಉತ್ತರ: ಸಸ್ಯಶಾಸ್ತ್ರದ ಅಧ್ಯಾಪಕಿ, ಧಾರವಾಡ

ಎಂಜಿನಿಯರ್ ಸರ್ ಅವರ ಮಾತಿಗೆ ಅಂತರಗಂಗೆಯೇ ಸಾಕ್ಷಿ. ದಂಡೆಯಲ್ಲಿ ಒಂದು ಗಿಡವನ್ನು ಕಿತ್ತು ನೋಡಿ: ಎಲೆಯ ತೊಟ್ಟು ಉಬ್ಬಿಕೊಂಡಿರುತ್ತದೆ, ಒತ್ತಿದರೆ ಸ್ಪಂಜಿನಂತೆ ತಗ್ಗುತ್ತದೆ. ಅದರೊಳಗಿನ ಗಾಳಿಯಿಂದಲೇ ಗಿಡ ತೇಲುತ್ತದೆ. ಕೆಳಗೆ ಜೋತುಬಿದ್ದ ಕಪ್ಪು ಬೇರಿನ ಕುಚ್ಚು ನೆಲದ ಆಸರೆಯಿಲ್ಲದೆ, ಕೊಳಚೆ ತಂದುಹಾಕುವ ಸಾರಜನಕವನ್ನೂ ರಂಜಕವನ್ನೂ ನೀರಿನಿಂದಲೇ ಹೀರಿಕೊಳ್ಳುತ್ತದೆ. ದಕ್ಷಿಣ ಅಮೆರಿಕದಿಂದ ಬಂದ ಈ ಸಸ್ಯಕ್ಕೆ ಇಂತಹ ಗೊಬ್ಬರದ ನೀರೂ ನಮ್ಮ ಬಿಸಿಲೂ ಸಿಕ್ಕರೆ ಎರಡೇ ವಾರದಲ್ಲಿ ಇಮ್ಮಡಿಯಾಗಬಲ್ಲದು. ಇದರ ಬೀಜಗಳು ಕೆಸರಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುತ್ತವೆ. ಹೀಗಾಗಿ ಒಮ್ಮೆ ಯಂತ್ರ ಇಳಿಸಿ ಪೂರ್ತಿಯಾಗಿ ತೆಗೆಸಿದರೂ ಅದು ಮತ್ತೆ ಹಬ್ಬುತ್ತದೆ.

ಹಾಗೆಂದು ತೆಗೆಯದೆ ಬಿಡಲೂ ಬಾರದು. ಕೊಳೆತು ತಳಕ್ಕಿಳಿದ ಗಿಡ ನೀರಿನ ಆಮ್ಲಜನಕವನ್ನು ತಿನ್ನುತ್ತದೆ, ಬೆಳಗಿನ ಜಾವ ಮೀನು ಸಾಯುವುದಕ್ಕೆ ಇದೂ ಒಂದು ಕಾರಣ. ತೆಗೆದ ರಾಶಿಯನ್ನು ಮಾತ್ರ ದಂಡೆಯ ಮೇಲೆಯೇ ಬಿಡಬಾರದು, ಏಕೆಂದರೆ ಮೊದಲ ದೊಡ್ಡ ಮಳೆಗೆ ಅದರ ಸಾರವೆಲ್ಲ ಪುನಃ ಕೆರೆಗೇ ಇಳಿಯುತ್ತದೆ.

ಉತ್ತರ: ರೈತ, ನವಲಗುಂದ ತಾಲ್ಲೂಕು

ಹೂಳಿನ ವಿಷಯದಲ್ಲಿ ನನ್ನದೊಂದು ಭಿನ್ನಾಭಿಪ್ರಾಯವಿದೆ. ಕೊಳಚೆ ನಿಲ್ಲುವವರೆಗೆ ಹೂಳು ಮುಟ್ಟಬಾರದೆಂದು ಕುಳಿತರೆ ಅಷ್ಟರಲ್ಲಿ ಕೆರೆ ಮತ್ತಷ್ಟು ತುಂಬಿಕೊಳ್ಳುತ್ತದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದ ಕಡೆ ಸ್ವಲ್ಪಸ್ವಲ್ಪವಾಗಿಯಾದರೂ ತೆಗೆಯುತ್ತಿರಬೇಕು. ಆದರೆ ಹಳ್ಳಿಯ ಕೆರೆಯ ಗೋಡಿನಂತೆ ಇದನ್ನು ಕಣ್ಣುಮುಚ್ಚಿ ಹೊಲಕ್ಕೆ ಹೇರಲು ನಾನು ಒಪ್ಪುವುದಿಲ್ಲ, ಊರಿನ ಕೊಳಚೆ ಕಂಡ ಮಣ್ಣಿನಲ್ಲಿ ಸೀಸದಂತಹ ಲೋಹಗಳಿವೆಯೇ ಎಂದು ಮೊದಲು ಪರೀಕ್ಷೆ ಮಾಡಿಸಬೇಕು. ಪರೀಕ್ಷೆಯಲ್ಲಿ ಸರಿಯೆಂದು ಬಂದರೂ ಅದರ ಲಾಭ ಧಾರವಾಡದ ಪಶ್ಚಿಮದ ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲಗಳಿಗೇ ಹೆಚ್ಚು. ನಮ್ಮ ಎರೆಭೂಮಿಗೆ ಜಿಗಟು ಮೊದಲೇ ಸಾಕಷ್ಟಿದೆ. ಇನ್ನೊಂದು ಮಾತು: ತಳದ ಜೇಡಿಯನ್ನು ಸೀಳುವಷ್ಟು ಆಳಕ್ಕೆ ತೋಡಿದರೆ ಕೆರೆ ನೀರು ಹಿಡಿಯದಂತಾಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಯಾವ ಕಾಲುವೆಯಿಂದ ಕೊಳಚೆ ಬರುತ್ತಿದೆ ಎಂಬುದನ್ನು ನಮ್ಮಂತಹ ಸಾಮಾನ್ಯರು ಗುರುತಿಸುವುದು ಹೇಗೆ ಸರ್?

ಉತ್ತರ: ನಿವೃತ್ತ ಎಂಜಿನಿಯರ್, ವಿದ್ಯಾನಗರ

ಅದಕ್ಕೆ ಯಂತ್ರವೇನೂ ಬೇಕಿಲ್ಲ. ಮಾರ್ಚ್ ತಿಂಗಳಿನಲ್ಲಿ, ಹಲವು ದಿನ ಮಳೆಯಿಲ್ಲದಿರುವಾಗ, ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ ಕಾಲುವೆಗಳ ಪಕ್ಕದಲ್ಲಿ ನಡೆದು ನೋಡಿ. ಆಗ ಹರಿಯುವ ಕಾಲುವೆಯಲ್ಲಿರುವುದು ಬಹುಪಾಲು ಬಚ್ಚಲು, ಅಡುಗೆಮನೆಗಳ ನೀರೇ. ಎಲ್ಲಿ ಪೈಪು ಸೇರುತ್ತದೆಯೋ ಅಲ್ಲಿ ನಿಂತು ದಿನಾಂಕ ಸಮೇತ ಫೋಟೋ ತೆಗೆದು, ಬಡಾವಣೆಯ ನಕ್ಷೆಯ ಮೇಲೆ ಗುರುತು ಹಾಕಿ, ವಾರ್ಡಿನ ಸಭೆಗೆ ಲಿಖಿತವಾಗಿ ಕೊಡಿ. ನಕ್ಷೆ ತಯಾರಿಸುವ ಕೆಲಸಕ್ಕೆ ನಾನೂ ಬರುತ್ತೇನೆ.