ವರ್ಮ್ ಗೇರ್‌ಬಾಕ್ಸ್ ಬಿಸಿಯಾಗ್ತಿದೆ, ಆಯಿಲ್ ಬದಲಿಸಲಾ?

ಕೇಳಿದ್ದು: ಕನ್ವೇಯರ್‌ನ ವರ್ಮ್ ಗೇರ್‌ಬಾಕ್ಸ್ (ಸ್ಕ್ರೂ ಥರದ ವರ್ಮ್ ಹಲ್ಲಿನ ಚಕ್ರವನ್ನು ತಿರುಗಿಸುವಂಥದ್ದು) ಕೈ ಇಡಲಾಗದಷ್ಟು ಬಿಸಿ. ಒಳಗಿರುವುದು ವಿಜಿ 320 ಮಿನರಲ್ ಆಯಿಲ್. ಸಿಂಥೆಟಿಕ್ ಹಾಕಲಾ? ಎಷ್ಟು ದಿನಕ್ಕೆ ಬದಲಿಸುತ್ತೀರಿ?

ಒಬ್ಬರು: ಕೈ ಅಳತೆ ನಂಬಬೇಡಿ, 60 ಡಿಗ್ರಿಗೇ ಕೈ ಸುಡುತ್ತದೆ. ವರ್ಮ್‌ನಲ್ಲಿ ಹಲ್ಲು ಉರುಳುವುದಕ್ಕಿಂತ ಜಾರುವುದೇ ಜಾಸ್ತಿ, ಬಿಸಿ ಇದ್ದದ್ದೇ. ನೇಮ್‌ಪ್ಲೇಟ್ ಓದಿ. ವರ್ಮ್‌ಗೆ ಸಾಮಾನ್ಯವಾಗಿ 460 ಬರೆದಿರುತ್ತಾರೆ, 320 ಹೆಚ್ಚಾಗಿ ಓರೆ ಹಲ್ಲಿನ ಹೆಲಿಕಲ್ ಗೇರ್‌ಗೆ. ಆ ವಿಜಿ ನಂಬರ್ 40 ಡಿಗ್ರಿಯಲ್ಲಿ ಆಯಿಲ್ ಎಷ್ಟು ಗಟ್ಟಿ ಅನ್ನುವುದರ ಲೆಕ್ಕ. ಇನ್ನೊಂದು, ಕಂಚಿನ ಚಕ್ರ ಇದ್ದರೆ ಗಂಧಕದ ಇಪಿ ಆಯಿಲ್ (ಭಾರಿ ಒತ್ತಡ ತಡೆಯಲು ರಾಸಾಯನಿಕ ಬೆರೆಸಿದ್ದು) ಸುಮ್ನೆ ಸುರಿಯಬೇಡಿ. ಬಿಸಿಯಲ್ಲಿ ಅದು ಕಂಚನ್ನೇ ತಿನ್ನುತ್ತದೆ. ನಮ್ಮ ಚಕ್ರ ಕಪ್ಪಾದ ಮೇಲೆ ಈ ಬುದ್ಧಿ ಬಂತು.

ಇನ್ನೊಬ್ಬರು: ಸಿಂಥೆಟಿಕ್ ಅಂದರೆ ಯಾವುದು? ಪಿಎಜಿ (ಪಾಲಿಆಲ್ಕಿಲೀನ್ ಗ್ಲೈಕಾಲ್ ಅನ್ನುವ ಸಿಂಥೆಟಿಕ್) ಆದರೆ ವರ್ಮ್‌ಗೆ ಬಹಳ ಒಳ್ಳೆಯದು, ಆದರೆ ಮಿನರಲ್ ಜೊತೆ ಸೇರುವುದಿಲ್ಲ. ನಾನು ಹಳೆಯದನ್ನು ಇಳಿಸಿ ನೇರವಾಗಿ ಪಿಎಜಿ ಹಾಕಿಬಿಟ್ಟೆ. ತಳದಲ್ಲಿ ಉಳಿದಿದ್ದ ಮಿನರಲ್ ಸೇರಿ ಒಳಗೆಲ್ಲ ಗಸಿ. ಮೂರೇ ವಾರಕ್ಕೆ ಸೀಲ್ ಸೋರಿತು, ಒಳಗಿನ ಪೇಂಟ್ ಕೂಡ ಎದ್ದು ಬಂತು. ಎರಡನೇ ಸಲ ಬಿಸಿ ಇರುವಾಗಲೇ ಇಳಿಸಿ, ಅದೇ ಪಿಎಜಿಯಿಂದ ಎರಡು ಬಾರಿ ತೊಳೆದು, ಪಿಎಜಿಗೆ ಒಗ್ಗುವ ಸೀಲ್ ಹಾಕಿದೆವು. ಆಮೇಲೆ ತಂಟೆ ಇಲ್ಲ. ಇಷ್ಟೆಲ್ಲ ಮಾಡಲು ಪುರುಸೊತ್ತು ಇಲ್ಲದಿದ್ದರೆ ಆ ದಾರಿಗೆ ಹೋಗಲೇಬೇಡಿ.

ಮತ್ತೊಬ್ಬರು: ಹೊಸ ಗೇರ್‌ಬಾಕ್ಸ್ ಆದರೆ ಮೊದಲ 500 ಗಂಟೆಯೊಳಗೆ ಒಮ್ಮೆ ಬದಲಿಸಿ, ಹಲ್ಲು ಸವೆದ ಪುಡಿ ಹೋಗಲಿ. ಆಮೇಲೆ ಮಿನರಲ್‌ಗೆ ನಮ್ಮ ಲೆಕ್ಕ 2500 ಗಂಟೆ ಅಥವಾ ಆರು ತಿಂಗಳು. ತುಂಬಾ ಬಿಸಿ ಓಡುವ ಕಡೆ ಅಷ್ಟು ಕಾಯುವುದಿಲ್ಲ, 10 ಡಿಗ್ರಿ ಏರಿದರೆ ಆಯಿಲ್ ಆಯಸ್ಸು ಹೆಚ್ಚುಕಡಿಮೆ ಅರ್ಧ. ಡ್ರೈನ್ ಪ್ಲಗ್‌ನ ಮ್ಯಾಗ್ನೆಟ್ ಮೇಲೆ ನುಣ್ಣನೆ ಪೇಸ್ಟ್ ಇದ್ದರೆ ಚಿಂತೆ ಬೇಡ, ಚೂರು ಸಿಕ್ಕರೆ ಕವರ್ ಬಿಚ್ಚಿ. ಅಂದ ಹಾಗೆ, ಲೆವೆಲ್ ನೋಡಿದ್ದೀರಾ? ಜಾಸ್ತಿ ಇದ್ದರೂ ಆಯಿಲ್ ಕಡೆದು ಕಡೆದು ಬಿಸಿಯಾಗುತ್ತದೆ ಅಲ್ವಾ. ಬ್ರೀದರ್, ಅಂದರೆ ಒಳಗಿನ ಗಾಳಿ ಹೊರಹೋಗುವ ತೂತು, ಕಟ್ಟಿಕೊಂಡಿದೆಯಾ ಅಂತಲೂ ನೋಡಿ.

ಕೇಳಿದವರು: ಮೆಷಿನ್ ನಿಲ್ಲಿಸಿ ಲೆವೆಲ್ ಪ್ಲಗ್ ಬಿಚ್ಚಿದೆ. ಎರಡು ಲೀಟರ್ ಸುರಿಯಿತು! ಬ್ರೀದರ್ ಮೇಲೆ ಯಾರೋ ಪೇಂಟ್ ಹೊಡೆದಿದ್ದಾರೆ. ಸರಿ ಮಾಡಿದ ಮೇಲೆ 94 ಡಿಗ್ರಿ ಇದ್ದದ್ದು 83ಕ್ಕೆ ಇಳಿದಿದೆ. ನೇಮ್‌ಪ್ಲೇಟ್‌ನಲ್ಲೂ 460 ಅಂತಲೇ ಇದೆ. ಮುಂದಿನ ಶಟ್‌ಡೌನ್‌ಗೆ ಮಿನರಲ್ 460 ಹಾಕುತ್ತೇನೆ. ಪಿಎಜಿ ಸದ್ಯಕ್ಕೆ ಬೇಡ.