ಪದ ಬೇಕು: 560001 ‘ವರ್ಗವಲ್ಲದ ಸಂಖ್ಯೆ’ಯೋ, ‘ವರ್ಗಮುಕ್ತ’ವೋ?

ನಮಸ್ಕಾರ. ಮಕ್ಕಳ ಗಣಿತ ಮೇಳಕ್ಕೆ ಬೆಂಗಳೂರು ಜಿಪಿಒ ಪಿನ್‌ಕೋಡ್ ಮೇಲೆ ಒಂದು ಫಲಕ ಮಾಡುತ್ತಿದ್ದೇವೆ, ನಾಳೆ ಬೆಳಿಗ್ಗೆ ಅಚ್ಚಿಗೆ. 560001 = 3 × 13 × 83 × 173. ಯಾವ ಅವಿಭಾಜ್ಯವೂ ಎರಡು ಸಲ ಬಂದಿಲ್ಲ. ಇಂಗ್ಲಿಷಿನ ‘ಸ್ಕ್ವೇರ್‌ಫ್ರೀ’ಗೆ ಕರಡಿನಲ್ಲಿ ‘ವರ್ಗವಲ್ಲದ ಸಂಖ್ಯೆ’ ಎಂದಿದೆ. ನಡೆಯುತ್ತದೆಯೇ?
ಕೆ.ಎನ್.

ನಡೆಯುವುದಿಲ್ಲ. 12 ವರ್ಗವಲ್ಲ, ಆದರೂ 4 ಅದನ್ನು ಭಾಗಿಸುತ್ತದೆ. ನಿಮಗೆ ಬೇಕಾದದ್ದು 1 ಬಿಟ್ಟರೆ ಬೇರಾವ ಪೂರ್ಣವರ್ಗದಿಂದಲೂ ಭಾಗವಾಗದ ಸಂಖ್ಯೆ. ‘ವರ್ಗಮುಕ್ತ’ ಎನ್ನಿ.

ಪರೀಕ್ಷಿಸುವ ಬಗೆಯನ್ನೂ ಫಲಕಕ್ಕೆ ಹಾಕಿ. 3 ಮತ್ತು 13ರಿಂದ ಒಂದೊಂದು ಸಲ ಭಾಗಿಸಿದರೆ 14359 ಉಳಿಯುತ್ತದೆ. ಅದರ ಘನಮೂಲ 25ರೊಳಗೆ, ಹಾಗಾಗಿ 23ರವರೆಗಿನ ಅವಿಭಾಜ್ಯಗಳನ್ನು ನೋಡಿದರೆ ಸಾಕು. ಯಾವುದೂ ಹೋಗದು. ಅಂದಮೇಲೆ ಉಳಿದದ್ದರಲ್ಲಿ ಹೆಚ್ಚೆಂದರೆ ಎರಡು ಅವಿಭಾಜ್ಯಗಳಿವೆ; 25ಕ್ಕಿಂತ ದೊಡ್ಡವು ಮೂರಿದ್ದರೆ ಗುಣಲಬ್ಧ 14359 ಮೀರುತ್ತಿತ್ತು. ಎರಡೂ ಒಂದೇ ಆಗಿದ್ದರೆ ಅದು ಪೂರ್ಣವರ್ಗವಾಗಬೇಕು. 119ರ ವರ್ಗ 14161, 120ರದು 14400. ಆಗಲಿಲ್ಲ. 83, 173 ಹುಡುಕದೆಯೇ ತೀರ್ಮಾನ ಸಿಕ್ಕಿತು!
ಎಸ್.ವಿ.

‘ಮುಕ್ತ’ ಒಪ್ಪಲಾರೆ. ಮುಚ್ ಧಾತು, ಅಂಟಿದ್ದರಿಂದ ಬಿಡಿಸಿಕೊಂಡದ್ದು ಮುಕ್ತ: ಋಣಮುಕ್ತ, ರೋಗಮುಕ್ತ. 560001ಕ್ಕೆ ವರ್ಗ ಯಾವಾಗ ಅಂಟಿತ್ತು? ‘ವರ್ಗರಹಿತ’ ಎಂದರೆ ಸಮಾಜವಾದದ ಭಾಷಣವಾಗುತ್ತದೆ. ‘ನಿರ್ವರ್ಗ’ ಸಾಕು. ಇನ್ನು ಪಠ್ಯಪುಸ್ತಕದ ‘ಅಪವರ್ತನ’. ಭಾಸ್ಕರಾಚಾರ್ಯರ ಕುಟ್ಟಕದಲ್ಲಿ, ಅಂದರೆ ಸಮೀಕರಣಕ್ಕೆ ಪೂರ್ಣಾಂಕದ ಉತ್ತರ ಹುಡುಕುವ ವಿಧಾನದಲ್ಲಿ, ಅದು ಸಾಮಾನ್ಯ ಭಾಜಕದಿಂದ ಭಾಗಿಸಿ ಕಿರಿದು ಮಾಡುವ ಕ್ರಿಯೆ. ಭಾಗಿಸುವ ಸಂಖ್ಯೆಗೇ ಆ ಹೆಸರಿಟ್ಟು ಕೆಡಿಸಿದ್ದೇವೆ. ಫಲಕದಲ್ಲಾದರೂ ‘ಭಾಜಕ’ ಎಂದು ಬರೆಯಿರಿ.
ಜಿ.ಆರ್.

ಓದುವವರು ಮಕ್ಕಳು. ‘ನಿರ‍್ವರ‍್ಗ’ ಯಾವ ಮಗುವಿನ ನಾಲಿಗೆಯಲ್ಲಿ ನಿಂತೀತು? ಸಂಸ್ಕ್ರುತದ ಬಾಗಿಲು ತಟ್ಟುವುದನ್ನು ಬಿಟ್ಟು ನಮ್ಮ ನುಡಿಯಲ್ಲೇ ಕಟ್ಟಿ: ‘ಇಮ್ಮಡಿಯಿಲ್ಲದ ಎಣಿ’. ಅವಿಬಾಜ್ಯಕ್ಕೂ ‘ಒಡೆಯದ ಎಣಿ’ ಎನ್ನಬಹುದು.
ಬಿ.ಎಂ.

ಐದರ ಇಮ್ಮಡಿ 10, 25 ಅಲ್ಲ. ನಿಮ್ಮ ಪದ ಹಿಡಿದು ಹೊರಟ ಮಗು 560001 ಬೆಸ ಎಂಬುದನ್ನಷ್ಟೇ ಹೇಳೀತು. ಗುಣ, ಭಾಗ ಸಂಸ್ಕೃತದವು. ‘ಇಸು’ ಹಚ್ಚಿ ಗುಣಿಸು, ಭಾಗಿಸು ಮಾಡಿಕೊಂಡು ತಲೆತಲಾಂತರದಿಂದ ಲೆಕ್ಕ ಮಾಡುತ್ತಿದ್ದೇವೆ. ಅವನ್ನು ಪರಕೀಯ ಎನ್ನುವವರು ಮೊದಲು ಮಗ್ಗಿ ಬದಲಿಸಲಿ. ಜಿ.ಆರ್. ಅವರಿಗೆ: ತೆರಿಗೆಮುಕ್ತ ಸರಕಿಗೂ ಮೊದಲು ತೆರಿಗೆ ಅಂಟಿರಬೇಕಿಲ್ಲ. ಧಾತು ಹಿಡಿದು ಇಂದಿನ ಬಳಕೆಯನ್ನು ಅಳೆಯಬೇಡಿ.
ಎಸ್.ವಿ.

ಹೊತ್ತಾಯಿತು, ಹೀಗೆ ಕಳಿಸುತ್ತಿದ್ದೇನೆ: “560001 ವರ್ಗಮುಕ್ತ ಸಂಖ್ಯೆ. 1ಕ್ಕಿಂತ ದೊಡ್ಡದಾದ ಯಾವ ಪೂರ್ಣವರ್ಗವೂ ಇದನ್ನು ನಿಶ್ಶೇಷವಾಗಿ ಭಾಗಿಸದು. ಬಸವನಗುಡಿಯ 560004 ವರ್ಗಮುಕ್ತವಲ್ಲ: ಕೊನೆಯ ಎರಡು ಅಂಕಿ 04, ಆದ್ದರಿಂದ 4 ಅದನ್ನು ಭಾಗಿಸುತ್ತದೆ.” ಭಾಜಕ ಎಂದೇ ಇಟ್ಟಿದ್ದೇನೆ, 560001ಕ್ಕೆ ಅವು ಒಟ್ಟು 16.
ಕೆ.ಎನ್.

‘ನಿಶ್ಶೇಶವಾಗಿ’ ತೆಗೆಯಿರಿ. ‘ಏನೂ ಮಿಗದಂತೆ’.
ಬಿ.ಎಂ.

ಇದು ಸರಿ. ಹಾಗೇ ಹಾಕಿ.
ಎಸ್.ವಿ.