ಚಾವಡಿಯ ಫೋನಿಗೆ ಅಡಿಗೆ ಕೋಣೆಲಿ ಇನ್ನೊಂದು ಸಾಕೆಟ್, ವಯರ್ ಎಲ್ಲಿಂದ ಎಳೆಯುದು?

ಪ್ರಶ್ನೆ (ಕಟಪಾಡಿ):
ಟೆಲಿಫೋನ್ ಕೆಲ್ಸ ಗೊತ್ತಿದ್ದವರು ಯಾರಾದ್ರೂ ಇದ್ರೆ ಹೇಳಿ ಮಾರಾಯ್ರೆ. ನಮ್ಮದು ಹಳೇ ಹಂಚಿನ ಮನೆ, ಉದ್ದಕ್ಕೆ ಉಂಟು, ಫೋನ್ ಇರುದು ಚಾವಡಿಲಿ, ಅಮ್ಮ ಇರುದು ಅಡಿಗೆ ಕೋಣೆಲಿ, ಇಲ್ಲಾಂದ್ರೆ ಹಿಂದೆ ಹಟ್ಟಿ ಹತ್ರ. ಬೊಂಬಾಯಿಂದ ಅಣ್ಣ ಫೋನ್ ಮಾಡಿದ್ರೆ ರಿಂಗ್ ಕೇಳುದಿಲ್ಲ, ಕೇಳಿದ್ರೂ ಸೊಂಟ ಹಿಡ್ಕೊಂಡು ಬರುವಾಗ ಕಟ್ಟಾಗಿರ್ತದೆ. ಮೊಬೈಲ್ ಕೊಟ್ರೆ ಸ್ವಿಚ್ ಆಫ್ ಮಾಡಿ ಅಕ್ಕಿ ಡಬ್ಬದ ಮೇಲೆ ಇಡ್ತಾರೆ. ಮೊದ್ಲು ತಾಮ್ರದ ಲೈನ್ ಇದ್ದಾಗ ಅಡಿಗೆ ಕೋಣೆ ಪಕ್ಕದ ಒಳಕೋಣೆಲಿ ಇನ್ನೊಂದು ಸಾಕೆಟ್ ಇತ್ತು, ಚಂದ ನಡೀತಿತ್ತು. ಹೋದ ವರ್ಷ ಫೈಬರ್ ಹಾಕ್ಸಿದ ಮೇಲೆ ಅದು ಸತ್ತಿದೆ, ಈಗ ಫೋನ್ ಸೀದಾ ಫೈಬರ್ ಬಾಕ್ಸಿಗೆ. ನಮ್ಮ ಎಲೆಕ್ಟ್ರಿಷಿಯನ್ ಹುಡುಗ ಬಾಕ್ಸಿಂದ ಒಂದು ವಯರ್ ತಂದು ಜಗಲಿಯ ಹಳೇ ರೊಸೆಟ್ಟಿಗೆ (ಫೋನ್ ವಯರ್ ಬಂದು ಸೇರುವ ಗೋಡೆಯ ಸಣ್ಣ ಡಬ್ಬಿ) ಕೊಟ್ಟ, ಅಷ್ಟಕ್ಕೆ ಚಾವಡಿಯ ಫೋನೂ ಹೋಯ್ತು! ಬಿಡಿಸಿದ ಕೂಡ್ಲೇ ವಾಪಸ್ ಬಂತು. ಈಗ ಹೇಳ್ತಾನೆ ಹಳೇ ವಯರ್ ಎಲ್ಲ ಹಾಳಾಗಿದೆ, ಹೊಸ್ತು ಕರೆಂಟಿನ ಪೈಪಲ್ಲೇ ತೂರಿಸಿ ತರ್ತೇನೆ ಅಂತ. ಸರಿಯಾ ಅದು?

ಉತ್ತರ (ಉಡುಪಿ, ಟೆಲಿಫೋನ್ ಲೈನ್ ಕೆಲ್ಸದಿಂದ ರಿಟೈರ್ಡ್):
ಅಕ್ಕ, ಮೊದ್ಲು ಒಂದು ಹೇಳಿ. ಹೊರಗಿಂದ ಬರ್ತಿದ್ದ ಹಳೇ ಕಪ್ಪು ವಯರ್ ತೆಗ್ದಿದ್ದಾರಾ, ಗೋಡೆಲಿ ಇನ್ನೂ ಉಂಟಾ?

ಪ್ರಶ್ನೆ (ಕಟಪಾಡಿ):
ಉಂಟು ಅಣ್ಣ. ಜಗಲಿಯ ರೊಸೆಟ್ಟಿಂದ ಹೊರಟು ತೆಂಗಿನ ಮರದ ತನಕ ಹೋಗಿದೆ, ಆಮೇಲೆ ಎಲ್ಲಿಗೋ. ಅದ್ರ ಮೇಲೆ ನಾವು ಬಟ್ಟೆ ಒಣಗಿಸ್ತೇವೆ 😄

ಉತ್ತರ:
ಹಾಗಾದ್ರೆ ಹುಡುಗ ಹೇಳಿದ ಹಾಗೆ ಒಳಗಿನ ವಯರ್ ಹಾಳಾದದ್ದಲ್ಲ, ಆ ಬಟ್ಟೆ ಹಗ್ಗವೇ ಫೋನನ್ನು ಕೊಂದದ್ದು. ಹೇಳ್ತೇನೆ ಕೇಳಿ. ಟೆಲಿಫೋನಿಗೆ ಬೇಕಾದ್ದು ಎರಡೇ ವಯರ್, ಮನೆಯ ಎಲ್ಲಾ ಸಾಕೆಟ್ ಅದೇ ಎರಡಕ್ಕೆ ಪ್ಯಾರಲಲ್ ಆಗಿ ಕೂತಿರ್ತದೆ. ಮೊದ್ಲು ಆ ಎರಡು ವಯರಿಗೆ ಹೊರಗಿಂದ, ಎಕ್ಸ್‌ಚೇಂಜಿಂದ, 48 ವೋಲ್ಟ್ ಡಿಸಿ ಬರ್ತಿತ್ತು. ಈಗ ಆ ಕೆಲ್ಸ ಮಾಡುದು ಚಾವಡಿಯ ಫೈಬರ್ ಬಾಕ್ಸ್, ನಾವು ಓಎನ್‌ಟಿ ಅಂತೇವೆ, ಒಂಥರಾ ಮನೆ ಒಳಗಿನ ಪುಟ್ಟ ಎಕ್ಸ್‌ಚೇಂಜ್ ಅಂತ ತಿಳ್ಕೊಳ್ಳಿ. ಹುಡುಗ ಅದನ್ನು ಹಳೇ ರೊಸೆಟ್ಟಿಗೆ ಕೊಟ್ಟಾಗ ಒಳಗಿನ ವಯರಿಗೆ ಮಾತ್ರ ಅಲ್ಲ, ಹೊರಗಿನ ವಯರಿಗೂ ಕೊಟ್ಟ ಹಾಗಾಯ್ತು. ಆ ವಯರ್ ಎಲ್ಲೋ ತುಂಡಾಗಿ ಮಳೆ ನೀರು ಕುಡಿದು ಎರಡೂ ಎಳೆ ಒಂದಕ್ಕೊಂದು ತಾಗಿರ್ತದೆ. ಬಾಕ್ಸಿಗೆ ಯಾರೋ ರಿಸೀವರ್ ಎತ್ತಿ ಇಟ್ಟಿದ್ದಾರೆ ಅಂತ ಕಾಣ್ತದೆ, ರಿಂಗ್ ಬರುದಿಲ್ಲ, ಟೋನೂ ಇಲ್ಲ. ಶಾರ್ಟ್ ಆದದ್ದು ಪುಣ್ಯ ಅನ್ಬೇಕು, ಒಂದು ವೇಳೆ ಹೊರಗಿನ ಲೈನಲ್ಲಿ ಕರೆಂಟ್ ಇನ್ನೂ ಇರ್ತಿದ್ರೆ ಅದು ಎದುರಿಂದ ನುಗ್ಗಿ ಬಾಕ್ಸಿನ ಫೋನ್ ಪೋರ್ಟನ್ನೇ ಸುಡುವ ಚಾನ್ಸ್ ಉಂಟು.

ಹಾಗಾಗಿ ಮಾಡ್ಬೇಕಾದ್ದು ಇಷ್ಟೆ, ಜಗಲಿಯ ರೊಸೆಟ್ ಬಿಚ್ಚಿ. ಒಳಗೆ ಎರಡು ಸ್ಕ್ರೂ, ಒಂದೊಂದರಲ್ಲೂ ಎರಡೆರಡು ಎಳೆ ಇರ್ಬೇಕು, ಒಂದು ಜೋಡಿ ಹೊರಗಿಂದ, ಇನ್ನೊಂದು ಒಳಕೋಣೆಗೆ ಹೋಗುದು. ಹೊರಗಿನ ಜೋಡಿಯನ್ನು ಬಿಡಿಸಿ, ಬೇರೆ ಬೇರೆ ಟೇಪ್ ಸುತ್ತಿ ಬದಿಗಿಡಿ, ಒಳಗಿನದು ಅಲ್ಲೇ ಇರ್ಲಿ. ಆಮೇಲೆ ಹುಡುಗ ಮಾಡಿದ್ದನ್ನೇ ಮಾಡಿ, ನಡೀತದೆ. ಎಲ್ಲಾ ಪ್ಯಾರಲಲ್ ಆದ ಕಾರಣ ಮನೆಯ ಯಾವ ಸಾಕೆಟ್ಟಿಗೆ ಕೊಟ್ರೂ ಎಲ್ಲಾ ಸಾಕೆಟ್ಟಿಗೂ ಬರ್ತದೆ.

ರೊಸೆಟ್ ಬಿಚ್ಚುವಾಗ ಒಳಗೆ ಹಲ್ಲಿ ಮೊಟ್ಟೆಯೋ ಇರುವೆ ಗೂಡೋ ಸಿಕ್ಕಿದ್ರೆ ಗಾಬರಿ ಆಗ್ಬೇಡಿ, ನನ್ನ ಸರ್ವಿಸಲ್ಲಿ ಅರ್ಧಕ್ಕರ್ಧ ಕಂಪ್ಲೇಂಟ್ ಅದೇ. ನಮ್ಮ ಕಡಲ ಬದಿಯ ಉಪ್ಪು ಗಾಳಿಗೆ ಎಳೆ ತುದಿಲಿ ಹಸಿರು ಕಿಲುಬು ಹಿಡಿದಿರ್ತದೆ, ಅದನ್ನು ಕತ್ತರಿಸಿ ಹೊಸ ತುದಿ ಕೆರೆದು ಸ್ಕ್ರೂ ಟೈಟ್ ಮಾಡಿ, ಇಲ್ಲಾಂದ್ರೆ ಕರಕರ ಸದ್ದು ಬರ್ತದೆ.

ಪ್ರಶ್ನೆ (ಕಟಪಾಡಿ):
ನಾನೇ ಬಿಚ್ಬಹುದಾ ಅಣ್ಣ, ಶಾಕ್ ಹೊಡಿತದಾ?

ಉತ್ತರ:
ಸುಮ್ನೆ ಇರುವಾಗ 48 ವೋಲ್ಟ್ ಅಷ್ಟು ಗೊತ್ತಾಗುದಿಲ್ಲ, ಆದ್ರೆ ರಿಂಗ್ ಆಗುವಾಗ ಹತ್ತಿರ ಹತ್ತಿರ 75 ವೋಲ್ಟ್ ಎಸಿ ಬರ್ತದೆ, ಕೈ ಒದ್ದೆ ಇದ್ರೆ ಚೆನ್ನಾಗಿ ಚುರುಕ್ ಅಂತದೆ. ಬಾಕ್ಸಿನ ಅಡಾಪ್ಟರ್ ತೆಗೆದಿಟ್ಟು ಮಾಡಿ. ಹೊರಗಿನ ಜೋಡಿಯನ್ನು ಬರಿಗೈಲಿ ಹಿಡಿಯುದಕ್ಕೆ ಮೊದ್ಲು ಹುಡುಗನ ಹತ್ರ ಮೀಟರ್ ಹಿಡಿಸಿ, ಕರೆಂಟ್ ಉಂಟಾ ನೋಡಿ. ಗುಡುಗು ಇರುವ ದಿನ ಮುಟ್ಟುದೇ ಬೇಡ. ನಮ್ಮಲ್ಲಿ ಏಪ್ರಿಲ್ ಮೇ, ಮತ್ತೆ ಅಕ್ಟೋಬರ್ ಸಾಯಂಕಾಲದ ಸಿಡಿಲು ಗೊತ್ತುಂಟಲ್ಲ.

ಕರೆಂಟಿನ ಪೈಪಲ್ಲಿ ಫೋನ್ ವಯರ್ ಮಾತ್ರ ಬೇಡ. ಝುಂಯ್ ಅಂತ ಸದ್ದು ಬರುದು ಒಂದು, ಅದು ಹಾಳಾಗ್ಲಿ. ಒಳಗೆ ಇಲಿ ಕಡಿದು 230 ವೋಲ್ಟಿನ ವಯರ್ ಫೋನ್ ವಯರಿಗೆ ತಾಗಿದ್ರೆ ನಿಮ್ಮ ಅಮ್ಮನ ಕೈಲಿರುವ ರಿಸೀವರ್ ಎಂತ ಆಗ್ತದೆ ಯೋಚ್ನೆ ಮಾಡಿ. ಹೊಸ್ತು ಎಳೆಯುದೇ ಆದ್ರೆ ಬೇರೆ ದಾರಿ, ಒಂದಡಿಯಾದ್ರೂ ದೂರ.

ಇನ್ನೊಬ್ಬರು (ಸುರತ್ಕಲ್):
ನಾನೂ ಇದೇ ಕೇಳ್ಲಿಕ್ಕಿತ್ತು. ನಮ್ಮ ಫ್ಲಾಟಲ್ಲಿ ಪ್ರತಿ ರೂಮಲ್ಲೂ ಲ್ಯಾನ್ ಸಾಕೆಟ್ (ಇಂಟರ್ನೆಟ್ ವಯರಿಂದು) ಉಂಟು, ಫೋನ್ ಪಿನ್ ಅದ್ರೊಳಗೆ ಕೂರ್ತದೆ, ಹಾಗೇ ಹಾಕ್ಬಹುದಾ?

ಉತ್ತರ:
ಕೂರ್ತದೆ, ಅದೇ ತೊಂದರೆ. ಫೋನಿಂದು ಆರ್‌ಜೆ11, ಸಣ್ಣದು. ಲ್ಯಾನಿಂದು ಆರ್‌ಜೆ45, ಎಂಟು ಪಿನ್ನು. ಸಣ್ಣ ಪ್ಲಗ್ ತುರುಕಿದ್ರೆ ಆಚೀಚೆಯ ಪಿನ್ ಬಗ್ಗಿ ಹೋಗಿ ಆಮೇಲೆ ನೆಟ್ ಲೂಸ್ ಹೊಡಿತದೆ. ಕೇಬಲ್ಲಿನ ಆ ತುದಿ ರೂಟರಲ್ಲೇ ಇದ್ರೆ ಫೋನಿಗೆ ಲೈನ್ ಬರುದೂ ಇಲ್ಲ. ನಿಮಗೆ ಒಂದು ಕೇಬಲ್ ಖಾಲಿ ಇದ್ರೆ ಅದರ ನೀಲಿ ಜೋಡಿಯನ್ನು ಎರಡೂ ತುದಿಲಿ ಆರ್‌ಜೆ11 ಜ್ಯಾಕಿನ ನಡುವಿನ ಎರಡು ಪಿನ್ನಿಗೆ ಕೊಡಿ, ಬೇರೆ ವಯರೇ ಬೇಡ.

ಇನ್ನೊಬ್ಬರು (ಮಣಿಪಾಲ):
ಇಷ್ಟೆಲ್ಲ ಯಾಕೆ, ಎರಡು ಹ್ಯಾಂಡ್‌ಸೆಟ್ಟಿನ ಕಾರ್ಡ್‌ಲೆಸ್ ತಗೊಂಡ್ರೆ ಮುಗೀತು.

ಉತ್ತರ:
ಮುಗೀತದೆ, ಮತ್ತೆ ಅದ್ರಲ್ಲಿ ರೂಮಿಂದ ರೂಮಿಗೆ ಮಾತಾಡ್ಲಿಕ್ಕೂ ಆಗ್ತದೆ, ಪ್ಯಾರಲಲಲ್ಲಿ ಅದಿಲ್ಲ. ಆದ್ರೆ ಕಲ್ಲಿನ ದಪ್ಪ ಗೋಡೆ ಮನೆಲಿ ರೇಂಜ್ ನೋಡಿ ತಗೊಳ್ಳಿ. ಚಾರ್ಜಿಗೆ ಇಡ್ಲಿಕ್ಕೆ ಮರೆತ್ರೆ ಅದೂ ಅಕ್ಕಿ ಡಬ್ಬದ ಮೇಲೇ. ವಯಸ್ಸಾದವರಿಗೆ ಗೋಡೆಗೆ ಕಟ್ಟಿ ಹಾಕಿದ ಫೋನೇ ಒಳ್ಳೇದು ಅಂತ ನನ್ನ ಅಭಿಪ್ರಾಯ. ಇನ್ನೊಂದು, ತಾಮ್ರದ ಲೈನಿಗೆ ಕರೆಂಟ್ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಬರ್ತಿತ್ತು, ಮನೆಲಿ ಕರೆಂಟ್ ಹೋದ್ರೂ ಫೋನ್ ಬದುಕಿರ್ತಿತ್ತು. ಫೈಬರಲ್ಲಿ ಹಾಗಲ್ಲ. ಮಳೆಗಾಲಕ್ಕೆ ಮೊದ್ಲು ಬಾಕ್ಸಿಗೆ ಒಂದು ಮಿನಿ ಯುಪಿಎಸ್ ಹಾಕಿ, ಅಡಾಪ್ಟರಲ್ಲಿ ಎಷ್ಟು ವೋಲ್ಟ್ ಬರೆದಿದೆಯೋ ಅಷ್ಟರದ್ದೇ.

ಪ್ರಶ್ನೆ (ಕಟಪಾಡಿ):
ಅಣ್ಣ ಆಯ್ತು!! ಹೊರಗಿನ ವಯರ್ ಬಿಡಿಸಿದ್ದೇ, ಎರಡು ಕಡೆನೂ ಟೋನ್ ಬಂತು. ರೊಸೆಟ್ಟಲ್ಲಿ ಕೆಂಪಿರುವೆ, ಹುಡುಗನ ಕೈಗೆ ಕಚ್ಚಿತು. ಈಗ ಅಪ್ಪನ ಕಾಲದ ಕಪ್ಪು ಡಯಲ್ ಫೋನ್ ಅಟ್ಟದಲ್ಲಿ ಉಂಟು, ಅಮ್ಮ ಅದನ್ನೇ ಹಾಕು ಅಂತಾರೆ. ಆಗ್ತದಾ?

ಉತ್ತರ:
ಹಾಕಿ ನೋಡಿ. ಬಂದ ಕಾಲಿಗೆ ಗಂಟೆ ಹೊಡಿತದೆ, ಮಾತಾಡ್ಲಿಕ್ಕೂ ಆಗ್ತದೆ, ಗಂಟೆ ಸಣ್ಣಗೆ ಕೇಳಿದ್ರೆ ಚಾವಡಿಯದ್ದನ್ನು ಬಿಡಿಸಿ ನೋಡಿ, ಕೆಲವು ಬಾಕ್ಸಿಗೆ ಆ ಗಂಟೆ ಎಳೆಯುವ ತಾಕತ್ತು ಕಡಿಮೆ. ಆದ್ರೆ ತಿರುಗ್ಸಿ ನಂಬರ್ ಹಾಕುದು ಎಷ್ಟೋ ಬಾಕ್ಸಿಗೆ ಅರ್ಥ ಆಗುದಿಲ್ಲ, ಅವಕ್ಕೆ ಒತ್ತುವ ಬಟನಿನ ಟೋನೇ ಬೇಕು. ಅಮ್ಮ ಫೋನ್ ಮಾಡುದಿಲ್ಲ, ಬಂದದ್ದು ಎತ್ತುದು ಮಾತ್ರ ಅಂತಾದ್ರೆ ಸಾಕಲ್ಲ ಅದು.

ಪ್ರಶ್ನೆ (ಕಟಪಾಡಿ):
ಸಾಕು ಸಾಕು. ಹಟ್ಟಿ ತನಕ ಕೇಳ್ತದೆ ಅದ್ರ ಗಂಟೆ. ಬಟ್ಟೆಗೆ ಬೇರೆ ಹಗ್ಗ ಕಟ್ಬೇಕಷ್ಟೆ ಈಗ.